ಎಡಚನ ಕೊನೆಯ ಪೋಸ್ಟರ್

ಎಡಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ಹಳದಿ ಹೆಚ್ಚಾಯಿತೇನೋ, ಇರಲಿ, ಬೆಂದ ಮೇಲೆ ತಿಳಿಯಾಗುತ್ತದೆ, ಬಾಯೊಳಗೆ ಹೋದ ಮೇಲೆ ಯಾವ ಹಲ್ಲು ತಾನೇ ಕಿಟಕಿ ಬೆಳಕಿನಲ್ಲಿ ಕಂಡ ಹಾಗೆ ಕಾಣುತ್ತದೆ ಎಂದುಕೊಳ್ಳುತ್ತಲೇ ಅವಳು ಆರು ಪಿಂಗಾಣಿ ಹಲ್ಲುಗಳ ತಟ್ಟೆಯನ್ನು ಓವನ್ನಿನೊಳಗಿಟ್ಟು ಬಾಗಿಲು ಮುಚ್ಚಿದಳು, ಗಡಿಯಾರದಲ್ಲಿ ಮೂರು ಹನ್ನೆರಡು, ಬೇಯಲು ಇಪ್ಪತ್ತೈದು ನಿಮಿಷ, ಆರಲು ಇನ್ನಿಪ್ಪತ್ತು, ಅಷ್ಟು ಹೊತ್ತು ಈ ಹಲ್ಲಿನ ಲ್ಯಾಬಿನಲ್ಲಿ ಅವಳನ್ನು ಏನು ಮಾಡ್ತಿದ್ದೀಯಮ್ಮ ಎಂದು ಯಾರೂ ಕೇಳುವಂತಿಲ್ಲ, ಲ್ಯಾಬ್ ಯಜಮಾನರಂತೂ ಊಟ ಮಾಡಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾರೆ — ನಾಲ್ಕಕ್ಕೆ ಪಂದ್ಯ, ತಮ್ಮನ ಆಟಗಾರನ ಕಟ್ಟಕಡೆಯ ಪಂದ್ಯ, ಅಷ್ಟರೊಳಗೆ ಹೊಸ ಪೋಸ್ಟರ್ ಅವನ ಪುಟಕ್ಕೆ ಏರಬೇಕು, ಏರಿಸಿಯೇ ಸೈ, ಭೂಮಿ ಬಾಯಿ ಬಿಟ್ಟರೂ ಸರಿ. ಲ್ಯಾಪ್‌ಟಾಪ್ ತೆರೆದರೆ ಪರದೆಯ ತುಂಬ ಪ್ಲಾಸ್ಟರಿನ ಧೂಳು, ತೋಳಿನಿಂದಲೇ ಒರೆಸಿದಳು. ಪಂದ್ಯ ಅಂದರೆ ಏನು ಮಹಾ, ಚೆಂಡಿಲ್ಲ, ಮೈದಾನವಿಲ್ಲ, ಬೆವರಿಲ್ಲ, ಇನ್ನೂರು ಚಿಲ್ಲರೆ ಜನ ಒಬ್ಬೊಬ್ಬರೂ ಒಬ್ಬೊಬ್ಬ ಫುಟ್‌ಬಾಲ್ ಆಟಗಾರನನ್ನು ತಲೆಯಲ್ಲೇ ಹುಟ್ಟಿಸಿ, ಎತ್ತರ ಇಷ್ಟು ಓಟ ಇಷ್ಟು ಎಂದು ಬರೆದುಕೊಟ್ಟಿದ್ದಾರೆ, ಅವರನ್ನೆಲ್ಲ ಕಂಪ್ಯೂಟರ್ ಆಡಿಸುತ್ತದೆ, ಪರದೆಯ ಮೇಲೆ ಒಂದೊಂದಾಗಿ ಮೂಡುವ ಸಾಲುಗಳೇ ಆಟ, ಎರಡು ತಿಂಗಳಿಗೊಂದು ಸೀಸನ್, ಸೀಸನ್ನಿಗೊಂದು ವರ್ಷ ವಯಸ್ಸು, ಮೂವತ್ತಾರಕ್ಕೆ ನಿವೃತ್ತಿ. ಅಲ್ಲ ಕಣೇ, ಆಡೋರೇ ಇಲ್ದಿರೋ ಆಟಕ್ಕೆ ನೀನು ಕೂತು ಅಂಗಿ ಬಣ್ಣ ಬಳೀತೀಯಲ್ಲ, ನಿನಗೇನು ಗ್ರಹಚಾರ ಎಂದು ಗಂಡ ನಗುತ್ತಾನೆ, ನಗಲಿ ಬಿಡು, ಇಲ್ಲದ ಹಲ್ಲಿಗೆ ಹಲ್ಲು ಮಾಡಿಕೊಟ್ಟು ಹೊಟ್ಟೆ ಹೊರೆಯುವವಳು ಇಲ್ಲದ ಆಟಗಾರನಿಗೆ ಅಂಗಿ ತೊಡಿಸಿದರೆ ಏನು ಮಹಾಪರಾಧ. ಈ ಇಂಟರ್ನೆಟ್ ಲೀಗಿಗೆ ಅವಳನ್ನು ಕರೆತಂದವನೇ ತಮ್ಮ, ಮೂರು ವರ್ಷದ ಹಿಂದೆ, ಅವನ ದರ್ಜಿ ಅಂಗಡಿಯಲ್ಲಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, ಅಕ್ಕ ನಮ್ಮ ಕ್ಲಬ್ಬಿನ ಪೋಸ್ಟರ್‌ಗಳನ್ನ ನೋಡಿದ್ರೆ ವಾಂತಿ ಬರುತ್ತೆ, ನಿನ್ನ ಕಣ್ಣಿಗೆ ಬಣ್ಣ ಗೊತ್ತಾಗುತ್ತೆ, ಬಾ ಮಾರಾಯ್ತಿ ಎಂದ, ಬಂದಳು, ಬಂದವಳು ಅಲ್ಲೇ ಬೇರು ಬಿಟ್ಟಳು, ಅಲ್ಲಿ ಅವಳ ಹೆಸರು ಕೋರೆಹಲ್ಲು, ಅವನ ಆಟಗಾರನ ಹೆಸರು ಎಡಚ, ಎಡಗಾಲಲ್ಲೇ ಒದೆಯುವವನು, ಬಲಗಾಲು ಬರೀ ನಿಂತುಕೊಳ್ಳೋಕೆ ಎಂದು ತಮ್ಮನೇ ಅವನ ಪುಟದಲ್ಲಿ ಬರೆದಿದ್ದ. ಈಗ ಐದು ತಿಂಗಳಾಯಿತು ಆ ತಮ್ಮ ಅವಳೊಡನೆ ಮಾತಾಡಿ.

ಫೋಟೊ ಇಲ್ಲಿದೆ, ತಮ್ಮನೇ ಕಳಿಸಿದ್ದು, ಮನೆ ಹಿಂದಿನ ಗೋಡೆಯ ಹತ್ತಿರ ಮಗಳ ಕೈಲಿ ತೆಗೆಸಿಕೊಂಡದ್ದು — ನಿಜವಾದ ಆಟಗಾರರ ಫೋಟೊ ಬಳಸಬಾರದು ಎಂಬುದು ಆ ಲೀಗಿನ ಮೊದಲ ಕಟ್ಟಳೆ, ಹಾಗಾಗಿ ಎಲ್ಲರೂ ಮನೆಯವರನ್ನೇ ಒದೆಸಿ ಓಡಿಸಿ ಫೋಟೊ ಹಿಡಿಯುತ್ತಾರೆ, ಆಮೇಲೆ ಮುಖವನ್ನು ಬಣ್ಣದಲ್ಲಿ ಬದಲಿಸುತ್ತಾರೆ, ಅವಳ ಗಂಡ ಅಡುಗೆಮನೆಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಗೋಲ್‌ಕೀಪರನಾಗಿ ಹಾರಿ ಸೊಂಟ ಹಿಡಿಸಿಕೊಂಡದ್ದೂ ಉಂಟು — ತಮ್ಮ ಮಾತ್ರ ಎಂದೂ ಫೋಟೊಗೆ ನಿಂತವನಲ್ಲ, ನನ್ನ ಮುಸುಡಿ ಯಾರಿಗೆ ಬೇಕು ಎನ್ನುವವನು, ಆ ಸಲ ಕಪ್ಪಿನ ಫೈನಲ್ಲಿಗೆ ತಾನಾಗಿಯೇ ಕಳಿಸಿದ. ಎಡಗಾಲು ಗಾಳಿಯಲ್ಲಿ, ಎಡಗೈ ಚಾಚಿ, ನಲವತ್ತೆರಡು ವರ್ಷದ ದರ್ಜಿ, ನಗುತ್ತಿದ್ದಾನೆ ಬೇರೆ. ಅವನು ಓಡುತ್ತಿರುವುದು ಚಿತ್ರದ ಎಡಕ್ಕೆ, ಕ್ಲಬ್ಬಿನ ಲಾಂಛನ ಇರುವುದು ಬಲ ಮೂಲೆಯಲ್ಲಿ, ಆಟಗಾರ ಲಾಂಛನಕ್ಕೆ ಬೆನ್ನು ಹಾಕಬಾರದು ಎಂಬುದು ಎರಡನೆಯ ಕಟ್ಟಳೆ, ಸರಿ, ಐದು ತಿಂಗಳ ಹಿಂದೆ ಆ ಫೈನಲ್ಲಿಗೆ ಒಂದು ಗುಂಡಿ ಒತ್ತಿದ್ದಳು, ಫ್ಲಿಪ್, ಕನ್ನಡಿಯಲ್ಲಿ ನೋಡಿದ ಹಾಗೆ ಇಡೀ ತಮ್ಮ ತಿರುಗಿ ನಿಂತ, ದಿನಕ್ಕೆ ನಾಲ್ಕು ಸಲ ಮಾಡುವ ಕೆಲಸ, ಕೈಗೆ ಅಭ್ಯಾಸ. ಅಂಗಿಯ ಎದೆಯ ಮೇಲಿನ ಅಂಕಿ ಇಪ್ಪತ್ತೈದು ತಿರುಗುಮುರುಗಾಯಿತು, ಅದನ್ನು ಅಳಿಸಿ ಮತ್ತೆ ಬರೆಯಲು ಎರಡು ಗಂಟೆ ಕೂತಿದ್ದಳು, ಬಟ್ಟೆಯ ಸುಕ್ಕಿಗೆ ಸರಿಯಾಗಿ ಅಂಕಿ ಬಗ್ಗಿಸಿದ್ದಳು, ಅಂಕಿ ತಿರುಗಿದ್ದು ಕಂಡಿತು, ಕಾಲು ತಿರುಗಿದ್ದು ಕಾಣಲಿಲ್ಲ, ಥೂ, ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿದರೇ ಇದು ಎಡದ್ದು ಇದು ಬಲದ್ದು ಎಂದು ಕೋರೆಹಲ್ಲನ್ನು ಹೇಳುವವಳು, ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಬಾಯಿಗೂ ಎಡಬಲ ತಪ್ಪಿಸದವಳು. ಪೋಸ್ಟರ್ ನೋಡಿ ಕ್ಲಬ್ಬೆಲ್ಲ ಆಹಾ ಓಹೋ ಎಂದಿತು, ಆ ವಾರದ ಬಹುಮಾನವೂ ಬಂತು, ತಮ್ಮ ಒಂದೇ ಸಾಲು ಬರೆದ, ಮತ್ತೆ ತಿರುಗಿಸಿದೆಯಾ ಅಕ್ಕ, ಅಷ್ಟೇ, ಆಮೇಲೆ ಫೋನ್ ಇಲ್ಲ, ಅಂಗಡಿ ಮುಂದೆ ಹೋದರೆ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು ಒಳಗೆ ಹೋಗಿಬಿಡುತ್ತಾನೆ, ಅವನ ಹೆಂಡತಿ ಮಾತ್ರ ಬಾಗಿಲಿಗೆ ಬಂದು, ಅವರಿಗೆ ತುಂಬಾ ಕೆಲಸ ಅತ್ತಿಗೆ, ತಪ್ಪು ತಿಳ್ಕೋಬೇಡಿ ಎನ್ನುತ್ತಾಳೆ. ಮತ್ತೆ ಎಂದನಲ್ಲ, ಮತ್ತೆ ಅಂದರೇನು, ಅದಕ್ಕೆ ಮೊದಲು ಅವನ ಫೋಟೊ ಇವಳ ಕೈಗೆ ಬಂದದ್ದೇ ಇಲ್ಲ, ಮೊದಲನೆಯ ಸಲ ಯಾವುದು — ಗೊತ್ತಿಲ್ಲದವಳ ಹಾಗೆ ಗಂಡನ ಹತ್ತಿರ ಕೇಳಿದ್ದಳು, ಗೊತ್ತಿದ್ದೇ ಕೇಳಿದ್ದಳು, ಆಗಲೂ ಕಣ್ಣ ಮುಂದೆ ಬಂದದ್ದು ಕುರ್ಚಿಯ ಹಿಡಿ, ಸಣ್ಣ ಮಣಿಕಟ್ಟು, ಕೆಂಪು ರಿಬ್ಬನ್.

ಬೇಡ, ಈಗ ಅದೆಲ್ಲ ಬೇಡ, ಮೂರು ಇಪ್ಪತ್ತೆಂಟು, ಗೋಡೆ ಅಳಿಸಿಯಾಯಿತು, ಕೂದಲ ಅಂಚು ಬಿಡಿಸಿಯಾಯಿತು, ಅಂಗಿಯ ಕೆಂಪು ಸರಿಯಾಗಿದೆ, ನೆರಳು ಎಡಕ್ಕೆ ಬೀಳಲಿ, ಹೂಂ, ಹೀಗೆ. ಈ ಸಲ ಫ್ಲಿಪ್ ಇಲ್ಲ, ಅವನು ಎತ್ತ ಓಡಿದ್ದಾನೋ ಅತ್ತಲೇ ಓಡುತ್ತಾನೆ. ನಾಲ್ಕಕ್ಕೆ ಸೀಟಿ ಊದಿದ ಕ್ಷಣವೇ ನಿವೃತ್ತನಾಗುವವನ ಪುಟಕ್ಕೆ ಬೀಗ, ಆಗ ಅಲ್ಲಿ ಯಾವ ಚಿತ್ರ ಇರುತ್ತದೋ ಕೊನೆವರೆಗೂ ಅದೇ, ಇವತ್ತು ತಪ್ಪಿದರೆ ಆ ಸುಳ್ಳು ಬಲಗಾಲಿನವನೇ ತಮ್ಮನ ಹೆಸರಲ್ಲಿ ಅಲ್ಲಿ ನಿಂತಿರುತ್ತಾನೆ, ಇವಳು ಮಾಡಿಕೊಟ್ಟ ಬಲಗಾಲು, ಅದನ್ನು ನೋಡಿಕೊಂಡು ಅವನು ಹೇಗೆ ಅಕ್ಕ ಎಂದಾನು. ಪರದೆಯ ಮೂಲೆಯಲ್ಲಿ ಸೀಟಿಯ ಸಂದೇಶ ಟಣ್ಣೆಂದಿತು, ಸೀಟಿ ಅಂದರೆ ಲೀಗಿನ ಕಟ್ಟಳೆ ಕಾಯುವವನು, ಎಲ್ಲಿಯವನೋ ಏನು ಕೆಲಸವೋ ಯಾರಿಗೂ ಗೊತ್ತಿಲ್ಲ, ಕರಡು ನೋಡಿದೆ ಕೋರೆಹಲ್ಲು ಅವರೇ, ಆಟಗಾರ ಲಾಂಛನಕ್ಕೆ ಬೆನ್ನು ಹಾಕಿದಾನಲ್ಲ, ತಿರುಗಿಸಿ ಹಾಕಿ, ಒಂದು ಕ್ಲಿಕ್ ಅಷ್ಟೇ ತಾನೇ. ಒಂದು ಕ್ಲಿಕ್ ಅಂತೆ. ತಿರುಗಿಸಲ್ಲ ಎಂದು ಬರೆದಳು. ನಿಯಮ ಎಲ್ಲರಿಗೂ ಒಂದೇ ಅಲ್ವಾ ಮೇಡಂ. ಒಂದೇ, ಆದರೆ ಇವನು ಎಡಚ, ತಿರುಗಿಸಿದರೆ ಎಡಚ ಅಲ್ಲ, ನೀವು ಬೇಕಾದರೆ ಲಾಂಛನ ಎಡಕ್ಕೆ ತನ್ನಿ. ಲಾಂಛನ ಕದಲಿಸೋಕಾಗಲ್ಲ ಮೇಡಂ, ಹದಿನೆಂಟು ಸೀಸನ್‌ನಿಂದ ಅಲ್ಲೇ ಇದೆ. ನಾನೂ ಹದಿನೆಂಟು ಸೀಸನ್‌ನಿಂದ ಇಲ್ಲೇ ಇದೀನಿ ಸ್ವಾಮಿ, ಈ ಕ್ಲಬ್ಬಿನ ಹನ್ನೊಂದು ಜನಕ್ಕೂ ಅಂಗಿ ತೊಡಿಸಿದೋಳು ನಾನೇ, ಇದನ್ನ ತೆಗೆದರೆ ಅವನ್ನೆಲ್ಲ ಬಿಚ್ಕೊಂಡು ಹೋಗ್ತೀನಿ, ನಾಲ್ಕು ಗಂಟೆಗೆ ಇಡೀ ತಂಡ ಬರೀ ಮೈಯಲ್ಲಿ ಆಡಲಿ — ಕಳಿಸಿಬಿಟ್ಟಳು, ಇಷ್ಟು ಜಗಳಗಂಟಿ ಯಾವಾಗ ಆದೆನೋ, ಅಪ್ಪನ ಮುಂದೆ ಒಂದು ದಿನ ಹೀಗೆ ಬಾಯಿ ಬಂದಿದ್ದರೆ.  ಅತ್ತಲಿಂದ ಉತ್ತರ ಬಂತು, ಅಯ್ಯೋ ಮಾಡ್ಕೊಳ್ಳಿ ತಾಯಿ, ನನಗ್ಯಾಕೆ ಊರ ಉಸಾಬರಿ, ಆದರೆ ತೋಳಿಗೆ ಕಟ್ಟೋ ಕ್ಯಾಪ್ಟನ್ ಪಟ್ಟಿ ಮಾತ್ರ ಮರೀಬೇಡಿ, ಕೊನೇ ಪಂದ್ಯಕ್ಕೆ ಅವನೇ ಕ್ಯಾಪ್ಟನ್. ಗೆದ್ದೆ ಎಂದು ಅವಳಿಗೆ ಒಬ್ಬಳೇ ನಗು ಬಂತು, ಯಜಮಾನರ ಗೊರಕೆ ಒಂದು ಸಲ ತಡೆದು ಮತ್ತೆ ಹೊರಟಿತು.

ಓವನ್ ಬೀಪ್ ಎಂದಿತು, ಬಾಗಿಲು ಸ್ವಲ್ಪ ತೆರೆದಿಟ್ಟಳು, ಹಲ್ಲು ನಿಧಾನ ಆರಬೇಕು, ಆತುರ ಬಿದ್ದರೆ ಬಿರುಕು, ಕೋರೆಯ ಹಳದಿ ತಿಳಿಯಾಗಿದೆ, ಹೇಳಲಿಲ್ಲವಾ. ಅಪ್ಪನ ಹಲ್ಲುಸೆಟ್ಟನ್ನೂ ಇಲ್ಲೇ ಮಾಡಿದ್ದು, ಹಾಕಿಕೊಂಡು ಕನ್ನಡಿ ನೋಡಿ, ನಿನ್ನ ಕೈ ಕೈಯಲ್ಲ ಮಗಳೇ ಚಿನ್ನ ಎಂದಿದ್ದರು, ಆ ಮಾತಿಗೆ ಹಿಗ್ಗಿ ಹೀರೆಕಾಯಿಯಾಗಿದ್ದಳು, ಪಕ್ಕದಲ್ಲಿ ತಮ್ಮ ಇದ್ದ, ಅವನ ಕೈಯನ್ನು ಯಾರು ಹೊಗಳಿದ್ದರು. ಐದು ವರ್ಷದ ಹುಡುಗ ಸ್ಲೇಟಿನ ಮೇಲೆ ಎಡಗೈಯಲ್ಲಿ ಗೀಚುತ್ತಿದ್ದ, ಎಂಟು ವರ್ಷದ ಅಕ್ಕ ಓಡಿಹೋಗಿ, ಅಪ್ಪಾ ಮತ್ತೆ ಎಡಗೈಲಿ ಬರೀತಿದಾನೆ ನೋಡಿ ಎಂದು ಚಾಡಿ ಹೇಳುತ್ತಿದ್ದಳು, ದಿನಾ ಹೇಳುತ್ತಿದ್ದಳು, ಹೇಳಿದ್ದಕ್ಕೆ ಜಾಣೆ ಎಂಬ ಬಿರುದು. ಅಪ್ಪ ಅವನ ಎಡಗೈಯನ್ನ ಕುರ್ಚಿಗೆ ಕಟ್ಟಿಹಾಕ್ತಿದ್ರು ಗೊತ್ತಾ, ನನ್ನ ರಿಬ್ಬನ್ನಿಂದಲೇ, ಪಾಪ, ಎಂದು ನೆಂಟರ ಮುಂದೆ ಎಷ್ಟು ಸಲ ಹೇಳಿ ನಗಿಸಿದ್ದಾಳೆ, ಎಲ್ಲರೂ ನಗುವಾಗ ತಮ್ಮ ಅವಳನ್ನೇ ನೋಡುತ್ತಾನೆ, ಲೋಟ ಎತ್ತಿಕೊಂಡು ಆಚೆ ಹೋಗುತ್ತಾನೆ, ಬಲಗೈಯಲ್ಲಿ ಎತ್ತಿಕೊಂಡು. ಬರೆಯುವುದು ಬಲಗೈ, ಕತ್ತರಿ ಹಿಡಿಯುವುದು ಬಲಗೈ, ಊಟ ಬಲಗೈ, ಬಡಿದು ಬಡಿದು ಮಾಡಿದ ಬಲಗೈ, ಎಡಗಾಲೊಂದೇ ಅವನ ಪಾಲಿಗೆ ಉಳಿದದ್ದು, ಕಾಲಿಗೆ ಯಾರೂ ರಿಬ್ಬನ್ ಕಟ್ಟಲಿಲ್ಲವಲ್ಲ, ಆ ಕಾಲನ್ನೇ ಒಬ್ಬ ಇಲ್ಲದ ಆಟಗಾರನಿಗೆ ಕೊಟ್ಟ, ಮೂರು ವರ್ಷ ಖುಷಿಯಾಗಿ ಒದ್ದ, ಅದನ್ನೂ ತಿರುಗಿಸಿದೆನಲ್ಲೋ ಪುಟ್ಟಾ.

ಮೂರು ಐವತ್ತೊಂದು. ಮುಖ ಮುಗಿಯಿತು, ಬೇರೆ ಮುಖ ಹಾಕಲಿಲ್ಲ, ಅವನದೇ ಇರಲಿ, ನಗು ಹೇಗಿದೆಯೋ ಹಾಗೆ, ಮುಂದಿನ ಹಲ್ಲಿನ ಸಂದಿಯನ್ನೂ ಮುಚ್ಚಲಿಲ್ಲ, ಹಲ್ಲು ಮಾಡುವವಳ ಕೈ ತಡೆಯುವುದು ಅಷ್ಟು ಸುಲಭವಲ್ಲ, ತಡೆದಳು. ಉಳಿದದ್ದು ಪಟ್ಟಿ ಒಂದೇ. ಎಡತೋಳಿಗೆ, ಕೆಂಪು, ಎರಡು ಬೆರಳಗಲ, ಐದು ನಿಮಿಷದ ಕೆಲಸ, ಚಿತ್ರದ ಮೇಲೆ ಹೊಸ ಲೇಯರ್, ಒಂದು ತೆಳು ಪದರ, ತೆರೆದು ಚಾಚಿದ ಎಡಗೈಯ ಮೇಲೆ ಮೊದಲ ಗೆರೆ ಎಳೆದಳು, ಕೆಂಪು ತೋಳನ್ನು ಸುತ್ತಿಕೊಂಡಿತು, ಅಂಚಿಗೆ ನೆರಳು ಹಾಕಿದರೆ ಬಿಗಿಯಾಗಿ ಕಟ್ಟಿದ ಹಾಗೆ ಕಾಣುತ್ತದೆ, ಹಾಕಿದಳು, ಬಿಗಿಯಾಗಿಯೇ ಕಂಡಿತು, ಕೈ ನಿಂತುಹೋಯಿತು. ಮೂರು ಐವತ್ತೈದು. ಬರೆ, ಬೇಗ ಬರೆ, ಪಟ್ಟಿ ಇಲ್ಲದಿದ್ದರೆ ಸೀಟಿ ಮತ್ತೆ ತಕರಾರು ತೆಗೆಯುತ್ತಾನೆ, ಕ್ಲಬ್ಬೆಲ್ಲ ಕೋರೆಹಲ್ಲಿಗೆ ಅರಳುಮರುಳು ಎನ್ನುತ್ತದೆ, ಅನ್ನಲಿ, ಏನು ಬೇಕಾದರೂ ಅನ್ನಲಿ. ಪಟ್ಟಿಯ ಲೇಯರನ್ನು ಹಿಡಿದು ಅಳಿಸಿಹಾಕಿದಳು, ತೋಳು ಬರಿದಾಯಿತು, ಬರಿದಾಗಿ ಗಾಳಿಯಲ್ಲಿ ಚಾಚಿಕೊಂಡಿತು, ಪೋಸ್ಟರ್ ಏರಿಸಿದಳು, ಎಷ್ಟು ಏರಿತೆಂದು ತೋರಿಸುವ ಗೆರೆ ಓಡಿತು, ನಿಂತಿತು, ಓಡಿತು, ಮೂರು ಐವತ್ತೊಂಬತ್ತು, ಏರಿತು, ಹಳೆಯ ಬಲಗಾಲಿನವನು ಹೋದ, ನಾಲ್ಕು, ಬೀಗ. ಮೊದಲ ಸಾಲು ಮೂಡಿತು, ಪಂದ್ಯ ಆರಂಭ, ಎರಡನೆಯ ನಿಮಿಷ ಎಡಚನಿಗೆ ಚೆಂಡು, ಎಡಗಾಲಿನ ಹೊಡೆತ, ಕಂಬದ ಹೊರಗೆ. ಪಕ್ಕದ ಮಾತುಕತೆಯ ಅಂಕಣದಲ್ಲಿ ಚಪ್ಪಾಳೆ, ಸೂಪರ್ ಕೋರೆಹಲ್ಲು, ಎಡಗಾಲು ಅಂದರೆ ಇದು, ಅಯ್ಯೋ ಮೇಡಂ ಪಟ್ಟಿ ಮರೆತಿರಲ್ಲ ಎಂದು ಸೀಟಿ, ಅದರ ಕೆಳಗೆ ಐದು ತಿಂಗಳಿಂದ ಬಾರದ ಹೆಸರು, ತಮ್ಮನದು, ಪಟ್ಟಿ ಎಲ್ಲಿ ಅಕ್ಕ.

ಅಕ್ಕ ಎಂದನಲ್ಲ. ಅವಳು ಬರೆದಳು, ಮರೆತಿಲ್ಲ ಕಣೋ, ಆ ಕೈಗೆ ನಾನು ಇನ್ನೇನೂ ಕಟ್ಟಲ್ಲ — ಒತ್ತಿದಳು, ಹೋಯಿತು, ಇನ್ನು ನೆಂಟರ ಮುಂದೆ ಹೇಳುವ ಕಥೆಗೂ ಬೀಗ, ಅಪ್ಪ ಕಟ್ಟುತ್ತಿದ್ದರು ಅಪ್ಪ ಕಟ್ಟುತ್ತಿದ್ದರು ಎಂದು ಮೂವತ್ತೇಳು ವರ್ಷ ಹೇಳಿದಳಲ್ಲ, ಅಪ್ಪನ ದಪ್ಪ ಬೆರಳಿಗೆ ರಿಬ್ಬನ್ ಎಲ್ಲಿ ಬಗ್ಗುತ್ತಿತ್ತು, ಜಡೆಯಿಂದ ಬಿಚ್ಚಿಕೊಟ್ಟವಳಿಗೆ ನೀನೇ ಕಟ್ಟಮ್ಮ ನಿನ್ನ ಕೈ ನಾಜೂಕು ಎಂದರು, ಅವನು ಅಳಲಿಲ್ಲ, ಕೈಯನ್ನು ತಾನೇ ಕುರ್ಚಿಯ ಹಿಡಿಯ ಮೇಲಿಟ್ಟ, ಅಕ್ಕ ಮೆತ್ತಗೆ ಎಂದ, ಅವಳು ನಾಲಿಗೆಯ ತುದಿ ಕಚ್ಚಿಕೊಂಡು, ತುಂಬ ಶ್ರದ್ಧೆಯಿಂದ, ಗಂಟಿನ ಒಂದು ಕಿವಿ ಇನ್ನೊಂದಕ್ಕಿಂತ ಉದ್ದವಾಗದ ಹಾಗೆ ಎಳೆದೆಳೆದು ನೋಡಿ ಕಟ್ಟಿದ್ದಳು, ಐದು ವರ್ಷದ ಮಣಿಕಟ್ಟು, ಕೆಂಪು ರಿಬ್ಬನ್, ಎರಡು ಸಮ ಕಿವಿಯ ಗಂಟು, ಎಷ್ಟು ಅಚ್ಚುಕಟ್ಟಾದ ಗಂಟು —