ಒಂದೇ ಒಂದು ಗಂಡು ಚಿಟ್ಟೆ

“ಒಂದೇ ಕಾಲು ತಾನೇ ಕತ್ತರಿಸಿದ್ದು?”

ಮೇಷ್ಟ್ರು ಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದರು. ಕಂದು ರೆಕ್ಕೆ, ಅಂಚಿನಲ್ಲಿ ಹಸಿರು ಹೊಳಪು. ಪ್ರಾಯದಲ್ಲಿ ಒಂದು ಹಳ್ಳದ ದಂಡೆಯಲ್ಲಿ ಈ ಗಂಡು ಚಿಟ್ಟೆಯನ್ನು ಹಿಡಿದವರು ಅವರು. ಹೊಸ ಪ್ರಭೇದವೆಂದು ಹೆಸರಿಟ್ಟವರೂ ಅವರೇ. ಅಂಥದ್ದು ಮತ್ತೆ ಯಾರ ಬಲೆಗೂ ಬಿದ್ದಿರಲಿಲ್ಲ.

“ಒಂದೇ, ಸರ್. ಬಲಗಡೆ ನಡುವಿನದು. ಡಿಎನ್‌ಎ ತೆಗೆಯೋಕೆ ಅಷ್ಟು ಸಾಕು,” ಎಂದಳು ಶಿಷ್ಯೆ.

“ಕುಂಟ ಮಾಡಿಬಿಟ್ಟೆ ನನ್ನ ಹುಡುಗನ್ನ. ಏನಂತೆ ರಿಪೋರ್ಟು? ಮುಖ ಯಾಕೆ ಸಪ್ಪಗೆ ಮಾಡ್ಕೊಂಡಿದೀಯ?”

ಬೆಳಗಿನಿಂದ ಜೋಡಿಸಿಕೊಂಡಿದ್ದ ಮಾತು ಬಿಟ್ಟು ಅವಳು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ಹಳ್ಳದ ಸುತ್ತ ಹಿಂಡುಹಿಂಡಾಗಿ ಹಾರುವ ಎರಡು ಸಾಮಾನ್ಯ ಪ್ರಭೇದಗಳಲ್ಲಿ ಒಂದರ ಗೆರೆಗಳೆಲ್ಲ ಹಳದಿ, ಇನ್ನೊಂದರವು ನೀಲಿ. ಒಂದೊಂದು ಚಿಟ್ಟೆಗೆ ಒಂದೊಂದು ಗೆರೆ. ನಡುವಿನ ಒಂದು ಗೆರೆ, ಮೇಷ್ಟ್ರ ಚಿಟ್ಟೆಯದು, ಮಾತ್ರ ಅರ್ಧ ಹಳದಿ, ಅರ್ಧ ನೀಲಿ.

ಜೀವಶಾಸ್ತ್ರದ ಪಾಠ ಹೇಳಿಯೇ ತಲೆ ಹಣ್ಣಾದವರು, ಬಿಡಿಸಿ ಹೇಳಬೇಕಾಗಿರಲಿಲ್ಲ.

“ತಾಯಿ ಯಾವುದು?”

“ಹಳದಿಯದು. ತಂದೆ ನೀಲಿ. ಬೇರೆ ಪ್ರಭೇದ ಅಲ್ಲ ಸರ್, ಇವೆರಡರ ಮಿಶ್ರತಳಿ.”

“ಅಲ್ಲಿಗೆ ನಾನಿಟ್ಟ ಹೆಸರು ಹೋಯ್ತು.”

“ನಿಮ್ಮದನ್ನ ಬಿಟ್ಟು ಉಳಿದಿದ್ದನ್ನಷ್ಟೇ ಪೇಪರ್‌ನಲ್ಲಿ ಬರೀತೀನಿ. ಯಾರು ಕೇಳ್ತಾರೆ?”

“ಕಾಲು ಕತ್ತರಿಸಿ ಆದ ಮೇಲೆ ದಾಕ್ಷಿಣ್ಯ ಬಂತಾ? ಬರಿ, ಬರಿ. ಹೋದ್ರೆ ಹೋಗ್ಲಿ.” ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಇದರ ಹೆಣ್ಣು?”

ಅವಳು ಹೆದರಿದ್ದು ಈ ಪ್ರಶ್ನೆಗೇ. ರಜೆ ಬಂತೆಂದರೆ ಮೇಷ್ಟ್ರು ಬಲೆ ಹೆಗಲಿಗೇರಿಸಿ, ಹೆಣ್ಣು ಚಿಟ್ಟೆಯನ್ನು ಹುಡುಕಿಕೊಂಡು ಅದೇ ಹಳ್ಳಕ್ಕೆ ಹೋಗುತ್ತಿದ್ದರು. ಮೊದಮೊದಲು ಗೆಳೆಯರಿದ್ದರು, ಆಮೇಲೆ ಒಬ್ಬರೇ. ಮಂಡಿ ಸೋತ ಮೇಲೆ ಕೋಲೂರಿಕೊಂಡು.

“ರಿಪೋರ್ಟ್ ಬಂದ ಮೇಲೆ ಆ ಎರಡು ಪ್ರಭೇದಗಳನ್ನೂ ಸಾಕಿ, ಕೂಡಿಸಿ ನೋಡಿದೆ ಸರ್. ರೆಕ್ಕೆ ಬಿಚ್ಚಿದ್ದೆಲ್ಲ ಗಂಡೇ. ಹೆಣ್ಣಾದ್ರೆ ಮೊಟ್ಟೆಯೊಳಗೇ ಸತ್ತುಹೋಗುತ್ತೆ.”

“ಅಂದ್ರೆ ಅಲ್ಲಿ ಇರಲೇ ಇಲ್ಲ ಅನ್ನು.”

“ಇರಲಿಲ್ಲ, ಸರ್.”

ಮೇಷ್ಟ್ರು ಕನ್ನಡಕ ಒರೆಸುತ್ತಲೇ ಇದ್ದರು. “ಅಮ್ಮ ನನಗೆ ಹೆಣ್ಣು ನೋಡಿ ನೋಡಿ ಸುಸ್ತಾದಳು. ‘ಸ್ವಲ್ಪ ತಡಿಯಮ್ಮಾ, ಮೊದಲು ಇವನಿಗೊಂದು ಸಿಗಲಿ’ ಅಂತಿದ್ದೆ.” ನಕ್ಕರು. ಅವಳಿಗೆ ನಗಲಾಗಲಿಲ್ಲ.

ಪೆಟ್ಟಿಗೆಯನ್ನು ತಾವೇ ಸಂಗ್ರಹದ ಕೋಣೆಗೆ ಒಯ್ದು, ಕಪಾಟಿನ ಖಾನೆ ಎಳೆದರು. ಚಿಟ್ಟೆಯ ಜಾಗದ ಪಕ್ಕದಲ್ಲಿ ಬರಿಯ ಸೂಜಿಯೊಂದು ನಿಂತಿತ್ತು. ಹೆಣ್ಣು ಸಿಕ್ಕಿದಾಗ ಬೇಕಾಗುತ್ತದೆಂದು ಅವರೇ ನೆಟ್ಟಿದ್ದು. ತುದಿಗೆ ತುಕ್ಕು ಹಿಡಿದಿತ್ತು. ಅದನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡರು. ಚಿಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಅದರ ಹಳೆಯ ತೂತಿಗೇ ಚುಚ್ಚಲು ಹೋದವರು ಕೈ ತಡೆದರು. ಆಮೇಲೆ, ಎರಡು ತೂತುಗಳ ನಟ್ಟನಡುವೆ ಅದನ್ನು ನಿಲ್ಲಿಸಿ, ಖಾನೆಯನ್ನು ಸದ್ದಾಗದಂತೆ ಒಳಗೆ ತಳ್ಳಿದರು.