ಗಿರಣಿಯ ಬಿಲ್ಲು

ಅಜ್ಜಂಪುರದ ಬಸ್ ನಿಲ್ದಾಣದ ಎದುರಿಗೆ ಹೊನ್ನೇಶನದೊಂದು ಬಿಲ್ ಕಟ್ಟುವ ಅಂಗಡಿ. ಕರೆಂಟು, ನೀರು, ಫೋನು, ಯಾರು ಯಾವ ಬಿಲ್ ತಂದರೂ 'ಸಲೀಸು ಪೇ' ಎಂಬ ಕಂಪನಿಯ ಮೂಲಕ ಕಟ್ಟಿಕೊಡುತ್ತಿದ್ದ, ಬಿಲ್ಲಿಗಿಷ್ಟೆಂದು ಕಮಿಷನ್. ಕಂಪನಿ ಶೇರು ಬಿಟ್ಟಾಗ ತಾನೂ ಕೊಂಡ, ತರೀಕೆರೆಯ ದೊಡ್ಡವ್ವ ಹುಲಿಯಮ್ಮನಿಂದಲೂ ತನ್ನ ಫೋನಿನಲ್ಲೇ ಖಾತೆ ತೆರೆಸಿ ಕೊಳ್ಳಿಸಿದ. ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದಾಗ ಆಕೆಯ ಕೈಗೆ ಬಂದ ದುಡ್ಡದು, ಮೊಮ್ಮಗಳು ಪ್ರಜ್ಞಾಳ ನರ್ಸಿಂಗ್ ಓದಿಗೆಂದು ಎತ್ತಿಟ್ಟಿದ್ದು.

ಹುಲಿಯಮ್ಮನದೊಂದು ಪರಿಪಾಠ. ಅಳಿಯನ ಹಿಟ್ಟಿನ ಗಿರಣಿಯ ಕರೆಂಟ್ ಬಿಲ್ಲನ್ನು ತರೀಕೆರೆಯಲ್ಲೇ ಕಟ್ಟಬಹುದಿತ್ತು. ಆಕೆ ಮಾತ್ರ ತಿಂಗಳು ತಿಂಗಳೂ ಅದನ್ನು ಬ್ಯಾಗಿಗೆ ಹಾಕಿಕೊಂಡು ಅಜ್ಜಂಪುರದ ಬಸ್ ಹತ್ತುವಳು. "ಹೆಂಗಸ್ರಿಗೆ ಬಸ್ಸು ಫ್ರೀ ಐತೆ. ಆ ಕಮಿಷನ್ನು ಯಾರ್ಗೋ ಯಾಕೋಗ್ಬೇಕು? ನನ್ ಮಗಂಗೇ ಸಿಗ್ಲಿ" ಎನ್ನುವಳು.

ಆ ಸೋಮವಾರ ಬೆಳಿಗ್ಗೆ ಕಡೂರಿನ ಏಜೆಂಟರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ಯಾವುದೋ ದೊಡ್ಡ ಕಂಪನಿ ಇದೇ ವ್ಯಾಪಾರಕ್ಕೆ ಇಳಿಯುತ್ತದಂತೆ, ಬಿಲ್ ಕಟ್ಟಲು ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲವಂತೆ. ಅಂತೆಕಂತೆಗೆ ಕಾಲು ಬಂದರೆ ಕೇಳಬೇಕೆ? ಮುನ್ನೂರರ ಶೇರು ಹತ್ತು ಗಂಟೆಗೆಲ್ಲ ಇನ್ನೂರ ಎಪ್ಪತ್ತಕ್ಕೆ ಕುಸಿಯಿತು. ಹೊನ್ನೇಶ ಗಿರಾಕಿ ಎದುರಿಗೆ ನಿಂತಿದ್ದಂತೆಯೇ ಫೋನ್ ತೆಗೆದು ತನ್ನ ಶೇರುಗಳನ್ನೆಲ್ಲ ಮಾರಿಬಿಟ್ಟ.

ಫೋನ್ ಕೆಳಗಿಡುವಷ್ಟರಲ್ಲಿ ದೊಡ್ಡವ್ವನ ಕರೆ.

"ಟಿವೀಲಿ ಏನೇನೋ ಹೇಳ್ತಾವ್ರಲ್ಲೋ ಮಗ. ಮಾರ್ಬಿಡಾನಾ? ಓಟಿಪಿ ಬಂದ್ರೆ ಹೇಳ್ತೀನಿ."

ಮಾರು ಎಂದರೆ ನಷ್ಟ ಇವತ್ತೇ ಕಣ್ಣಿಗೆ ಹೊಡೆಯುತ್ತದೆ. ಕೊಳ್ಳಿಸಿದವನು ಇವನೇ ಎಂದು ತರೀಕೆರೆಯ ನೆಂಟರೆಲ್ಲ ಬೆರಳು ತೋರಿಸುತ್ತಾರೆ. ಇಷ್ಟೆಲ್ಲ ಒಂದೇ ಗಳಿಗೆಯಲ್ಲಿ ಹೊನ್ನೇಶನಿಗೆ ಹೊಳೆಯಿತು. ತಲೆ ಏನೋ ಚುರುಕೇ.

"ಸುಮ್ನಿರು ದೊಡ್ಡವ್ವ, ಬರೀ ಪುಕಾರು. ನಾನೂ ಇಟ್ಕಂಡಿಲ್ವಾ?"

"ನೀನ್ ಇಟ್ಕಂಡಿದ್ರೆ ಸರಿ ಬಿಡು."

ಮೂರು ದಿನ ಶೇರು ಇಳಿದೇ ಇಳಿಯಿತು. ಹೊನ್ನೇಶನಿಗೆ ಮುದ್ದೆ ಮುಂದಿಟ್ಟುಕೊಂಡು ಕೂತರೆ ಪ್ರಜ್ಞಾಳ ಮುಖ ಕಾಣುವುದು. ಈಗಲಾದರೂ ಮಾರಿಸೋಣವೆಂದು ಫೋನ್ ಎತ್ತಿಕೊಳ್ಳುವುದು, ಏನೆಂದು ಹೇಳಲಿ ಎಂದು ಇಡುವುದು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಶುಕ್ರವಾರ ಆ ದೊಡ್ಡ ಕಂಪನಿಯೇ ತನಗೆ ಅಂಥ ಯೋಚನೆ ಇಲ್ಲವೆಂದು ಹೇಳಿಕೆ ಕೊಟ್ಟಿತು. ಮುಂದಿನ ವಾರದ ಹೊತ್ತಿಗೆ ಶೇರು ಮುನ್ನೂರ ಹತ್ತು ದಾಟಿತ್ತು. ಹುಲಿಯಮ್ಮ ಬಸ್ಸಿಳಿದು ಬಂದಳು. ಒಂದು ಕೈಯಲ್ಲಿ ಚಕ್ಕುಲಿ ಡಬ್ಬಿ, ಇನ್ನೊಂದರಲ್ಲಿ ಗಿರಣಿಯ ಬಿಲ್ಲು. ಅಂಗಡಿ ಮುಂದೆ ಏಳೆಂಟು ಜನ ಸಾಲು ನಿಂತಿದ್ದರು.

"ನೋಡ್ರಪ್ಪ, ಎಲ್ರೂ ಹೆದ್ರಿ ಮಾರ್ಕಂಡ್ರು. ನನ್ ಮಗ ಮಾತ್ರ ಅಲ್ಲಾಡ್ಲಿಲ್ಲ. ಅವ್ನಿಂದ ನಮ್ ಹುಡ್ಗಿ ಓದು ಉಳೀತು!"

ಸಾಲಿನಲ್ಲಿದ್ದ ಗಿರಿಯಪ್ಪ ಮುಂದೆ ಬಂದ. "ಹಂಗಾರೆ ನಾನೂ ಒಂದಿಷ್ಟು ತಗಳ್ಲೇನಪ್ಪಾ ಹೊನ್ನೇಶ? ನೀನ್ ಹೇಳಿದ್ರೆ ತಗಂತೀನಿ."

ಹೊನ್ನೇಶನಿಗೆ ಇನ್ನು ತಡೆಯಲಾಗಲಿಲ್ಲ. ತನ್ನ ಫೋನ್ ತೆರೆದು ದೊಡ್ಡವ್ವನ ಮುಂದಿಟ್ಟ. ಅವನ ಶೇರುಗಳಿರಬೇಕಾದ ಜಾಗ ಖಾಲಿಯಿತ್ತು.

"ನನ್ ಹತ್ರ ಒಂದೂ ಇಲ್ಲ ದೊಡ್ಡವ್ವ."

"ಯಾವಾಗ್ ಮಾರ್ದೆ?"

"ಆವತ್ತು ಸೋಮವಾರ. ನೀನ್ ಫೋನ್ ಮಾಡೋಕ್ ಮುಂಚೆ."

ಹುಲಿಯಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ನಂದೆಲ್ಲ ಈಗ್ಲೇ ಮಾರ್ಬಿಡು" ಎಂದಳು.

"ಈಗ ಬ್ಯಾಡ ದೊಡ್ಡವ್ವ, ಇನ್ನೂ ಏರ್ತದೆ. ಈ ಸಲ ನಿಜ ಹೇಳ್ತಿದೀನಿ."

"ನಿಜಾನೇ ಇರ್ಬೋದು ಕಣಪ್ಪ. ನಂಗೆ ಹೆಂಗ್ ಗೊತ್ತಾಗ್ಬೇಕು?"

ಓಟಿಪಿ ಬಂತು. ಒಂದೊಂದೇ ಅಂಕಿ ಓದಿ ಹೇಳಿದಳು, ಅವನು ಒತ್ತಿದ. ಚಕ್ಕುಲಿ ಡಬ್ಬಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು. ಗಿರಣಿಯ ಬಿಲ್ಲನ್ನು ಮಾತ್ರ ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡು, ತರೀಕೆರೆ ಬಸ್ಸಿನ ಕಡೆ ನಡೆದಳು.