ಎಡಕ್ಕೆಳೆಯುವ ಕಾರು

ಆ ಡ್ರೈವಿಂಗ್ ಸ್ಕೂಲಿಗೆ ಇದ್ದದ್ದು ಒಂದೇ ಕಾರು, ಕಲಿಸುವವಳೂ ಒಬ್ಬಳೇ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಗಂಡ ಟೈಲರ್. ರಸ್ತೆಯುಬ್ಬು ಬಂದಾಗಲೆಲ್ಲ ಕಾರಿನ ಹೊಟ್ಟೆ ಕೆರೆಯುತ್ತದೆ ಎಂದು ಅವಳು ಒಮ್ಮೆ ಗೊಣಗಿದ್ದೇ ತಪ್ಪಾಯಿತು. ಅವನು ಎಲ್ಲಿಂದಲೋ ಎತ್ತರದ ಸ್ಪ್ರಿಂಗುಗಳನ್ನೂ, ಮುಂದಿನ ಚಕ್ರಗಳನ್ನು ಜಾಗದಲ್ಲಿ ಹಿಡಿದಿಡುವ, ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಎರಡು ಆರ್ಮುಗಳನ್ನೂ ತರಿಸಿ, ಎರಡು ಭಾನುವಾರ ಕಾರಿನಡಿ ಮಲಗಿ ತಾನೇ ಜೋಡಿಸಿದ. ಗ್ಯಾರೇಜಿನಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿಕೊಂಡು ಬನ್ನಿ ಎಂದರೆ, ಕಣ್ಣಳತೆಯಲ್ಲೇ ನೇರ ಕಾಣುತ್ತಿದೆ ಎಂದು ಅವಳ ಬಾಯಿ ಮುಚ್ಚಿಸಿದ.

ಅದಾದ ಮೇಲೆ ಕಲಿಯಲು ಸೇರಿದವರು ನರ್ಸಮ್ಮ. ಕೆಲಸದಿಂದ ನಿವೃತ್ತರಾದ ಮೇಲೆ ಕಾರಿನ ಆಸೆ ಹುಟ್ಟಿದ ಹೆಂಗಸು. ಅವರ ಕೈಯಲ್ಲಿ ಕಾರು ಸದಾ ಎಡಕ್ಕೇ ವಾಲುತ್ತಿತ್ತು. ಕಾರು ತಾನಾಗಿಯೇ ಎಡಕ್ಕೆ ಹೋಗುತ್ತದಮ್ಮ ಎಂದು ಅವರು ಮೆಲ್ಲಗೆ ಹೇಳಿದರೆ, ಕಲಿಯುವವರೆಲ್ಲ ಹೇಳುವ ಮಾತೇ ಅದು ಎಂದು ಮೇಡಂ ಗದರಿದಳು. ಮೂರು ವಾರ ಗದರಿದಳು. ಪರೀಕ್ಷೆಯ ದಿನ ಎಡಚಕ್ರ ಗೆರೆ ಮುಟ್ಟಿತು, ನರ್ಸಮ್ಮ ಫೇಲಾದರು. ಮುಖ ಸಣ್ಣದು ಮಾಡಿಕೊಂಡು, ಯಾರನ್ನೂ ದೂರದೆ ನಡೆದೇ ಮನೆಗೆ ಹೋದರು.

ಅದೇಕೋ ಮೇಡಂಗೆ ಕಸಿವಿಸಿಯಾಯಿತು. ಬರುವಾಗ ಖಾಲಿ ರಸ್ತೆಯಲ್ಲಿ ಒಂದು ಗಳಿಗೆ ಸ್ಟೇರಿಂಗ್ ಬಿಟ್ಟು ನೋಡಿದಳು. ಕಾರು ಸೀದಾ ಎಡಗಡೆಯ ಚರಂಡಿಯತ್ತ ಹೊರಟಿತು. ಇಪ್ಪತ್ತು ವರ್ಷ ಪಳಗಿದ ಅವಳ ಕೈ, ಅವಳಿಗೇ ತಿಳಿಯದಂತೆ ದಿನವೂ ಅದನ್ನು ತಿದ್ದುತ್ತಿತ್ತು. ಹೊಸಬರಿಗೆ ಅದೆಲ್ಲಿಂದ ಬರಬೇಕು?

ಮನೆ ಮುಟ್ಟುವಷ್ಟರಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಗ್ಯಾರೇಜಿಗೆ ಒಯ್ಯುತ್ತೇನೆ ಎಂದಳು. ಗಂಡ ಒಪ್ಪಲಿಲ್ಲ.

"ಮನುಷ್ಯರನ್ನೇ ಅಳೆದವನು ನಾನು. ಚಕ್ರ ಏನು, ಅಳೆಯೋವಾಗ ಹೊಟ್ಟೆ ಒಳಗೆ ಎಳ್ಕೊಳ್ಳತ್ತಾ?"

ಮರುದಿನ ಬೆಳಿಗ್ಗೆ ಮನೆ ಮುಂದೆ ಕಾರಿನ ಎರಡೂ ಪಕ್ಕ ದಾರ ಬಿಗಿದ. ಓಡಿಸುವವರ ಭಾರ ಇರಬೇಕೆಂದು ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿದ. ಸ್ಟೇರಿಂಗ್ ನೇರ ಹಿಡಿದು ಅವಳು ಅಲ್ಲಾಡದೆ ಕೂರಬೇಕು. ದಾರದಿಂದ ಚಕ್ರದ ಮುಂದಂಚಿಗೆ ಎಷ್ಟು, ಹಿಂದಂಚಿಗೆ ಎಷ್ಟು ಎಂದು ಟೇಪು ಹಿಡಿದು ಅಳೆದ, ಚಕ್ರವನ್ನು ತಿರುಗಿಸುವ ಟೈ ರಾಡನ್ನು ಚೂರು ತಿರುವಿದ, ಮತ್ತೆ ಅಳೆದ. ಅತ್ತೆ ಕಸ ಚೆಲ್ಲಲು ಬಂದು ದಾರ ಎಡವಿದರು. ಎಲ್ಲ ಮೊದಲಿಂದ. ಮಧ್ಯಾಹ್ನದ ಹೊತ್ತಿಗೆ ಅವಳ ಸೊಂಟ ಹಿಡಿದುಕೊಂಡಿತ್ತು. ನೂಲಿನಷ್ಟೂ ವ್ಯತ್ಯಾಸವಿಲ್ಲ ಎಂದು ಅವನು ಎದೆಯುಬ್ಬಿಸಿದ. ಓಡಿಸಿ ನೋಡಿದರೆ ಕಾರು ಎಡಕ್ಕೇ.

ಇನ್ನೆರಡು ಸಲ ಅಳೆದದ್ದಾಯಿತು. ಅಳತೆ ಸರಿ, ಕಾರು ಮಾತ್ರ ತನ್ನ ಹಟ ಬಿಡಲಿಲ್ಲ.

"ರೀ, ಆ ಆರ್ಮು ಎರಡೂ ಒಂದೇ ಉದ್ದ ಇವೆಯಾ?"

"ಡಬ್ಬದಿಂದ ಬಂದ ಹಾಗೇ ಹಾಕಿದೀನಿ. ಜೋಡಿ ಅಂದ್ಮೇಲೆ ಒಂದೇ ಇರತ್ತೆ."

"ಅಳೆದ್ರಾ ಅಂತ ಕೇಳಿದ್ದು."

ಅವನು ಟೇಪು ತೆಗೆದುಕೊಂಡು ಕಾರಿನಡಿ ನುಸುಳಿದ. ಒಂದನ್ನು ಅಳೆದ, ಇನ್ನೊಂದನ್ನು ಅಳೆದ. ಎಡಗಡೆಯದು ಅರ್ಧ ಬೆರಳಿನಷ್ಟು ಗಿಡ್ಡ.

"ಎರಡೂ ತೋಳು ಅಳೆಯದೆ ಯಾವತ್ತಾದ್ರೂ ಅಂಗಿ ಹೊಲಿದಿದೀರಾ?" ಎಂದಳು. ಬೈಯಲು ಅದಕ್ಕಿಂತ ಹೆಚ್ಚು ತ್ರಾಣ ಉಳಿದಿರಲಿಲ್ಲ. ಅವನು ಗ್ರೀಸು ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ.

ಎಡದ ಆರ್ಮನ್ನು ಬಲದಷ್ಟೇ ಉದ್ದ ಮಾಡಿದ. ಆದರೆ ಆರ್ಮಿನ ಉದ್ದ ಬದಲಾದರೆ ಚಕ್ರದ ಅಳತೆಯೂ ಕೆಡುತ್ತದೆ. ಹಾಗಾಗಿ ಮತ್ತೆ ದಾರ, ಮತ್ತೆ ಟೇಪು, ಮತ್ತೆ ಅವಳು ಸೀಟಿನಲ್ಲಿ. ಸಂಜೆಗೆ ಕಾರು ನೇರ ಓಡಿತು.

ಮರುದಿನ ಮೇಡಂ ನರ್ಸಮ್ಮನ ಮನೆಗೇ ಹೋಗಿ, ತಪ್ಪು ನಿಮ್ಮದಲ್ಲ, ಕಾರಿನದು, ಅದಕ್ಕಿಂತ ಹೆಚ್ಚಾಗಿ ನನ್ನದು ಎಂದು ಒಪ್ಪಿಕೊಂಡಳು. ನರ್ಸಮ್ಮ ಚಪ್ಪಲಿ ಮೆಟ್ಟಿ ಬಂದು ಕಾರಿನಲ್ಲಿ ಕೂತರು. ಹೊರಟ ಕಾರು ನಿಧಾನವಾಗಿ ಬಲಕ್ಕೆ ವಾಲತೊಡಗಿತು. ಮೂರು ವಾರ ಆ ಎಡದ ಎಳೆತದೊಂದಿಗೆ ಗುದ್ದಾಡಿದ ಅವರ ಕೈ ಈಗ ಸುಮ್ಮನೆ ಬಲಕ್ಕೇ ಎಳೆಯುತ್ತಿತ್ತು.

ಮೇಡಂಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

"ಬೈತೀರಾ?" ನರ್ಸಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಇಲ್ಲಮ್ಮ. ಈ ಸಲ ಯಾರನ್ನ ಬೈಯಬೇಕು ಅಂತ ಗೊತ್ತು."

ಆ ರೂಢಿ ಬಿಡಿಸಲು ಹತ್ತು ದಿನ ಹಿಡಿಯಿತು. ಮುಂದಿನ ಪರೀಕ್ಷೆಯಲ್ಲಿ ನರ್ಸಮ್ಮ ಪಾಸಾದರು.